ಬ್ರೇಕ್ ತುಳಿದಾಗ ನಡುಗಿದ್ದು ಯಾರು?

ಬ್ರೇಕ್ ತುಳಿದಾಗ ಕಾರಿನ ಸ್ಟಿಯರಿಂಗ್ ಗಡಗಡ ನಡುಗಿದರೆ ಬಹಳ ಜನ ಮಾಡುವುದು ಒಂದೇ ಕೆಲಸ. ರೇಡಿಯೋ ಸದ್ದು ಇನ್ನಷ್ಟು ಜೋರು ಮಾಡುತ್ತಾರೆ. "ಏನೋ ಸಣ್ಣದಿರಬೇಕು, ಸರ್ವಿಸಿಗೆ ಬಿಟ್ಟಾಗ ನೋಡಿದ್ರಾಯ್ತು" ಅನ್ನುತ್ತಾರೆ. ಗುಡ್ಡದ ಮೇಲಿನ ಒಂದು ಮನೆಯವರು ಹಾಗೆ ಮಾಡಲಿಲ್ಲ. ಅವರು ರೇಡಿಯೋ ಆರಿಸಿ, ಉಸಿರು ಬಿಗಿಹಿಡಿದು, ಆ ನಡುಕ ಯಾವಾಗ ಬರುತ್ತದೋ ಎಂದು ಕಾಯುತ್ತ ಕೂತರು.

ಮನೆಯಲ್ಲಿದ್ದವರು ಮೂರು ಜನ: ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವ ಸೊಸೆ, ಅವಳ ಅತ್ತೆ, ಒಂಬತ್ತು ವರ್ಷದ ಮಗಳು. ಸೊಸೆಯ ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವನಿಗೆ ಕಾರೆಂದರೆ ಪ್ರಾಣ. ತಗ್ಗಾದ, ಎರಡೇ ಬಾಗಿಲಿನ, ವೇಗಕ್ಕೆಂದೇ ಹುಟ್ಟಿದ ಕಪ್ಪು ಕಾರೊಂದನ್ನು ಸಾಕಿಕೊಂಡಿದ್ದ. ರಜೆ ಬಂತೆಂದರೆ ರೇಸ್ ಟ್ರ್ಯಾಕಿನಲ್ಲಿ ಹಾಜರು. ಆಮೇಲೆ ಅವನಿಗೆ ಕೈ ನಡುಗುವ ಕಾಯಿಲೆ ಹತ್ತಿಕೊಂಡಿತು. ಮೊದಲು ಬಲಗೈ, ಆಮೇಲೆ ಎರಡೂ. ಕಾರು ಹೊದಿಕೆಯೊಳಗೆ ಸೇರಿತು. ಒಂದೂವರೆ ವರ್ಷ ಅದು ಅಲ್ಲೇ ನಿಂತಿತು. ಆ ನಡುವೆಯೇ ಅವನು ಹೋದ.

ಸೊಸೆಯ ಸಣ್ಣ ಕಾರು ಕೆಟ್ಟು ಕೂತಾಗ ಬೇರೆ ದಾರಿಯಿಲ್ಲದೆ ಅವಳು ಆ ಹೊದಿಕೆ ಸರಿಸಿದಳು. ಹೊಸ ಬ್ಯಾಟರಿ ಹಾಕಿಸಿ, ನಿಂತಲ್ಲೇ ಚಪ್ಪಟೆಯಾಗಿದ್ದ ಟೈರುಗಳನ್ನು ಬದಲಾಯಿಸಿ, ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೊರಟಳು. ಮನೆಯಿಂದ ಊರಿಗೆ ಇಳಿಯುವ ದಾರಿ ನೇರವಾಗಿ ಇಳಿದು, ನೀರಿನ ಟ್ಯಾಂಕಿನ ಹತ್ತಿರ ಒಮ್ಮೆಲೇ ತಿರುಗುತ್ತದೆ. ಅಲ್ಲಿ ಅವಳು ಬ್ರೇಕ್ ತುಳಿದಳು.

ಸ್ಟಿಯರಿಂಗ್ ಅವಳ ಅಂಗೈಯೊಳಗೆ ನಡುಗಿತು.

ಆ ನಡುಕ ಅವಳಿಗೆ ಗೊತ್ತಿತ್ತು. ಗಂಡನ ಮಣಿಕಟ್ಟು ಹಿಡಿದು ಚಮಚ ಬಾಯಿಗಿಡುವಾಗ ದಿನಾ ಮೂರು ಹೊತ್ತು ಅವಳ ಕೈಗೆ ತಾಗುತ್ತಿದ್ದ ನಡುಕ ಅದು. ಅದೇ ವೇಗ, ಅದೇ ಬಿಟ್ಟು ಬಿಟ್ಟು ಬಡಿಯುವ ರೀತಿ. ಬ್ರೇಕ್ ಬಿಟ್ಟಳು, ನಿಂತಿತು. ಮತ್ತೆ ತುಳಿದಳು, ಬಂತು. ಲ್ಯಾಬಿಗೆ ಹೋಗಿ ಅರ್ಧ ಗಂಟೆ ಕೈ ತೊಳೆಯುತ್ತ ನಿಂತಿದ್ದಳು.

ಅವಳು ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಆ ವಾರ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಾಗ, ಟ್ಯಾಂಕಿನ ತಿರುವಿನಲ್ಲಿ ಅತ್ತೆ ಮುಂದಿನ ಡ್ಯಾಶ್‌ಬೋರ್ಡ್ ಮೇಲೆ ಕೈಯಿಟ್ಟವರು ಹಾಗೇ ಕಲ್ಲಾದರು.

"ಯಾರದು?" ಎಂದರು.

"ಯಾರೂ ಇಲ್ಲ ಅತ್ತೆ. ಬ್ರೇಕು."

"ನಂಗೆ ಹೇಳ್ಬೇಡ ನೀನು. ಹೊತ್ತು ಹೆತ್ತ ಮಗನ ಕೈ ನಂಗೆ ಗೊತ್ತಾಗಲ್ವಾ?"

ಮಾರನೆಯ ದಿನ ಬೆಳಿಗ್ಗೆ ಅತ್ತೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ಎಲ್ಲರಿಗಿಂತ ಮೊದಲೇ ಕಾರಿನಲ್ಲಿ ಕೂತಿದ್ದರು. ದಿನಾ ಅದೇ ಆಯಿತು. ತಿರುವಿನ ತನಕ ಒಂದು ಮಾತಿಲ್ಲ. ಬ್ರೇಕ್ ತುಳಿದ ಕೂಡಲೇ ಡ್ಯಾಶ್‌ಬೋರ್ಡ್ ಸವರುತ್ತ ಪಿಸುಗುಟ್ಟುತ್ತಿದ್ದರು: "ನಿದ್ದೆ ಬಂತಾ? ಚಳಿ ಆಗುತ್ತಾ?" ಊರಿನಲ್ಲಿ ಇಳಿದು ಬಸ್ಸು ಹತ್ತಿ ಮನೆಗೆ ವಾಪಸ್ಸು. ಸೊಸೆ ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಬೇಡವಾಗಿರಲಿಲ್ಲ. ನಡುಕ ಜಾಸ್ತಿಯಾದಾಗ ಅವಳ ಕಾಲು ತಾನಾಗಿಯೇ ಪೆಡಲಿನ ಮೇಲೆ ಹಗುರಾಗುವುದನ್ನು ಕಲಿಯಿತು. ಹಿಡಿದ ಕೈಗೆ ನೋವಾಗದ ಹಾಗೆ ಹಿಡಿತ ಸಡಿಲಿಸುತ್ತೇವಲ್ಲ, ಹಾಗೆ.

ಶಾಲೆಗೆಂದು ಹಿಂದಿನ ಸೀಟಿನಲ್ಲಿದ್ದ ಮಗಳು ಒಂದು ದಿನ ಕೇಳಿದಳು: "ಅಜ್ಜಿ, ಬ್ರೇಕ್ ತುಳಿದಾಗ ಮಾತ್ರ ಅಪ್ಪ ಯಾಕೆ ಬರ್ತಾನೆ?"

ಅಜ್ಜಿ ಡ್ಯಾಶ್‌ಬೋರ್ಡ್ ಸವರುತ್ತಲೇ ಇದ್ದರು.

ಪಕ್ಕದ ಮನೆಯಾಕೆಯನ್ನು ಎಲ್ಲರೂ ಕರೆಯುವುದು ಗೇಜಕ್ಕ ಎಂದು. ಮೂವತ್ತು ವರ್ಷ ಗ್ಯಾರೇಜಿನಲ್ಲಿ ಬ್ರೇಕಿನ ಕೆಲಸ ಮಾಡಿದವಳು. ಅಳತೆ ಮಾಡದೆ ಯಾವುದನ್ನೂ ನಂಬದವಳು. ಅವಳ ಅಡುಗೆಮನೆಯಲ್ಲಿ ಸೌಟಿನ ಪಕ್ಕದಲ್ಲೇ ಕೂದಲೆಳೆಯ ಏರಿಳಿತವನ್ನೂ ಮುಳ್ಳಿನಿಂದ ತೋರಿಸುವ ಗೇಜು ತೂಗಾಡುತ್ತಿತ್ತು. ರೇಸಿನ ದಿನಗಳಲ್ಲಿ ಸೊಸೆಯ ಗಂಡನ ಕಾರನ್ನು ನೋಡಿಕೊಳ್ಳುತ್ತಿದ್ದವಳೂ ಅವಳೇ. ಒಂದು ಸಂಜೆ ಕಾರು ಗೇಟಿನೊಳಗೆ ಬರುವುದನ್ನು ಕೇಳಿಸಿಕೊಂಡು ಕಾಂಪೌಂಡ್ ಗೋಡೆಗೆ ಒರಗಿ ನಿಂತಳು.

"ಬ್ರೇಕ್ ನರಳ್ತಿದೆ ಕಣೇ. ಸ್ಟಿಯರಿಂಗ್ ನಡುಗುತ್ತಾ?"

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಅಡ್ಡ ಬಂದರು. "ಅದರ ತಂಟೆಗೆ ನೀನು ಬರ್ಬೇಡ. ಕಾರು ಸರಿಯಾಗಿದೆ."

"ಸರಿ ಇದ್ರೆ ಸಂತೋಷ ಅಮ್ಮ. ಒಂದ್ಸಲ ಚಕ್ರ ಬಿಚ್ಚಿ ನೋಡ್ಲಾ?"

"ಬಿಚ್ಚಿದ್ರೆ ಹೊರಟುಹೋಗ್ತಾನೆ" ಎಂದು ಅತ್ತೆ ಒಳಗೆ ನಡೆದರು. ಗೇಜಕ್ಕ ಸೊಸೆಯ ಮುಖ ನೋಡಿದಳು. ಸೊಸೆ ನೆಲ ನೋಡಿದಳು.

ಅದಾಗಿ ನಾಲ್ಕನೆಯ ದಿನ ಗುಡ್ಡದ ತುಂಬ ಮಂಜು. ಟ್ಯಾಂಕಿನ ಕೆಳಗೆ ಪೈಪಿಗಾಗಿ ರಸ್ತೆ ಅಗೆಯುತ್ತಿದ್ದರು. ಅದು ಮೇಲಿನಿಂದ ಬರುವವರಿಗೆ ಕಾಣುವಂತಿರಲಿಲ್ಲ. ಸೊಸೆ ಬ್ರೇಕ್ ತುಳಿದಳು. ಆವತ್ತು ನಡುಕ ಎಂದಿನಂತಿರಲಿಲ್ಲ. ಕನ್ನಡಿ ಅದುರಿತು, ಸೀಟು ಅದುರಿತು, ಪೆಡಲ್ ಅವಳ ಕಾಲನ್ನು ಒಳಗಿನಿಂದ ಯಾರೋ ತಟ್ಟುತ್ತಿರುವಂತೆ ಒದೆಯಿತು.

"ಮೆಲ್ಲಗೆ, ಮೆಲ್ಲಗೆ ಕಣೇ" ಎಂದರು ಅತ್ತೆ. "ಅವನಿಗೆ ನೋವಾಗ್ತಿದೆ."

ಅವಳ ಕಾಲು ಮೇಲೆದ್ದಿತು.

ಮಂಜಿನಿಂದ ಒಂದು ಕೆಂಪು ಬಾವುಟ ಹೊರಬಂತು. ಅದರ ಹಿಂದೆ ಒಬ್ಬ ಮನುಷ್ಯ. ಮಗಳು ಚೀರಿದಳು. ಸೊಸೆ ಇದ್ದ ಬಲವನ್ನೆಲ್ಲ ಹಾಕಿ ಪೆಡಲನ್ನು ನೆಲಕ್ಕೆ ಒತ್ತಿದಳು. ಸ್ಟಿಯರಿಂಗ್ ಎರಡೂ ಕೈಗೆ ಬಡಿಯಿತು. ಕಾರು ನಿಂತಾಗ ಬಾವುಟದ ಬಟ್ಟೆ ಬಾನೆಟ್ಟಿನ ಮೇಲೆ ಬಿದ್ದಿತ್ತು. ಕೋಲು ಇನ್ನೂ ಆ ಮನುಷ್ಯನ ಕೈಯಲ್ಲೇ ಇತ್ತು. ಅವನು ಬೈಯಲಿಲ್ಲ. ಕಿಟಕಿಯ ಹತ್ತಿರ ಬಂದು ಬಗ್ಗಿ, ಬಹಳ ಸಣ್ಣ ದನಿಯಲ್ಲಿ ಹೇಳಿದ:

"ನೀವು ಬ್ರೇಕ್ ಬಿಟ್ರಿ. ನಾನು ನೋಡ್ದೆ. ಮೂಗು ಮತ್ತೆ ಮೇಲೆದ್ದಿತು ಕಾರಿಂದು."

ಅವಳು ಕೆಲಸಕ್ಕೆ ಹೋಗಲಿಲ್ಲ. ಕಾರನ್ನು ತಿರುಗಿಸಿ ಆಮೆಯಂತೆ ಗುಡ್ಡ ಹತ್ತಿ, ತನ್ನ ಮನೆ ದಾಟಿ, ಗೇಜಕ್ಕನ ಅಂಗಳದಲ್ಲಿ ನಿಲ್ಲಿಸಿದಳು. "ನೋಡು" ಎಂದಳು. ಅಷ್ಟೇ.

ಅತ್ತೆ ಕಾರಿನಿಂದ ಇಳಿಯಲಿಲ್ಲ. ಗೇಜಕ್ಕ ಜಗ್ಗಾಡಲೂ ಇಲ್ಲ, ನಗಲೂ ಇಲ್ಲ. "ಅಮ್ಮ, ನೀವು ಹೇಳೋ ತನಕ ಡಿಸ್ಕ್ ಬಿಚ್ಚಲ್ಲ. ಚಕ್ರ ತೆಗೆದು ಅಳತೆ ಮಾತ್ರ ನೋಡ್ತೀನಿ. ಬನ್ನಿ, ನಿಮ್ಮ ಕಣ್ಣಾರೆ ನೋಡಿ" ಎಂದು ಕೈ ಕೊಟ್ಟು ಇಳಿಸಿದಳು.

ಚಕ್ರದ ನಟ್ಟುಗಳಲ್ಲಿ ಒಂದು ಬೆರಳಿಟ್ಟ ಕೂಡಲೇ ಸಡಿಲವಾಯಿತು. ಅದರ ಪಕ್ಕದ್ದಕ್ಕೆ ಗೇಜಕ್ಕ ಸ್ಪ್ಯಾನರಿನ ಮೇಲೆ ಹತ್ತಿ ನಿಲ್ಲಬೇಕಾಯಿತು.

"ಟೈರ್ ಹಾಕಿದ್ದು ಯಾರು?"

"ಕೆಳಗಿನ ಅಂಗಡಿಯವ್ರು. ನಟ್ಟು ಬಿಗಿಯೋ ಗನ್ ಹಿಡಿದು ಟರ್ರ್ ಅಂತ ಬಿಗಿದ್ರು."

"ಒಂದು ಸಡಿಲ, ಒಂದು ಬಿಗಿ. ಡಿಸ್ಕ್ ಓರೆಯಾಗಿ ಕೂರೋಕೆ ಇಷ್ಟು ಸಾಕು. ಬಿಗೀಬೇಕಾದ್ರೆ ಎದುರುಬದುರು ನಟ್ಟು, ಸ್ವಲ್ಪ ಸ್ವಲ್ಪವಾಗಿ, ಕೊನೆಗೆ ಇಷ್ಟೇ ಬಲ ಅಂತ ತೋರಿಸೋ ಸ್ಪ್ಯಾನರಲ್ಲಿ ಬಿಗೀಬೇಕು."

ಚಕ್ರ ತೆಗೆದಾಗ ಒಳಗಿದ್ದ ಬ್ರೇಕಿನ ಡಿಸ್ಕ್ ಕಂಡಿತು. ಊಟದ ತಟ್ಟೆಗಿಂತ ದೊಡ್ಡದಾದ ಕಬ್ಬಿಣದ ಬಿಲ್ಲೆ. ಗೇಜಕ್ಕ ನಟ್ಟುಗಳನ್ನು ಮತ್ತೆ ಹಾಕಿ ಅದನ್ನು ನೆಟ್ಟಗೆ ಕೂರಿಸಿ, ಗೇಜಿನ ಮೊನೆಯನ್ನು ಅದರ ಮುಖಕ್ಕೆ ತಾಗಿಸಿ, ಕೈಯಿಂದ ಮೆಲ್ಲಗೆ ತಿರುಗಿಸಿದಳು. ಗೇಜಿನ ಮುಳ್ಳು ಅಲುಗಾಡದೆ ನಿಂತಿತ್ತು. ಆಮೇಲೆ ಒಮ್ಮೆಲೇ ನಡುಗಿತು. ನಿಂತಿತು. ಇನ್ನೊಂದು ಸುತ್ತು. ಅದೇ ಜಾಗದಲ್ಲಿ ಮತ್ತೆ ನಡುಗಿತು. ಗೇಜಿನ ಗಾಜಿನೊಳಗೆ ಆ ಮುಳ್ಳು ನಡುಗುತ್ತಿದ್ದದ್ದು ಚಮಚ ಹಿಡಿದ ಗಂಡನ ಬೆರಳಿನ ಹಾಗೆಯೇ ಇತ್ತು. ಸೊಸೆಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು.

"ಅಲ್ಲಿ ನೋಡು, ಕಪ್ಪು!" ಎಂದಳು ಮಗಳು.

ಡಿಸ್ಕಿನ ಮೇಲೆ ನೀಲಿ-ಕಪ್ಪು ಕಲೆಯೊಂದಿತ್ತು. ಅಂಗೈಯಗಲ. ಅಂಚು ಸ್ಪಷ್ಟ, ಯಾರೋ ಮುದ್ರೆ ಒತ್ತಿದ ಹಾಗೆ. ಗೇಜಕ್ಕ ಇನ್ನೊಂದು ಸಾಧನದಿಂದ ಡಿಸ್ಕಿನ ದಪ್ಪವನ್ನು ಎಂಟು ಕಡೆ ಅಳೆದಳು. ಕಲೆಯಿದ್ದ ಕಡೆ ಮಾತ್ರ ದಪ್ಪ ಜಾಸ್ತಿ ಬಂತು.

"ಎಷ್ಟು ಜಾಸ್ತಿ?" ಸೊಸೆ ಕೇಳಿದಳು.

"ಒಂದು ಕೂದಲನ್ನ ಐದು ಸೀಳು ಮಾಡಿದ್ರೆ ಅದರಲ್ಲಿ ಒಂದು ಸೀಳು."

"ಅಷ್ಟೇನಾ? ಅಷ್ಟಕ್ಕೆ ಇಡೀ ಕಾರು ನಡುಗುತ್ತಾ?" ಎಂದರು ಅತ್ತೆ.

ಇದಕ್ಕೆ ಉತ್ತರ ಕೊಟ್ಟವಳು ಸೊಸೆಯೇ. "ನಡುಗುತ್ತೆ ಅತ್ತೆ. ಹೊಸ ಹಲ್ಲು ಕೂದಲೆಳೆಯಷ್ಟು ಎತ್ತರ ಇದ್ರೂ ಜನ ಅನ್ನ ಅಗಿಯೋಕಾಗಲ್ಲ ಅಂತ ವಾಪಸ್ ಬರ್ತಾರೆ. ನಾವು ನೀಲಿ ಕಾಗದ ಕಚ್ಚಿಸಿ ಉಬ್ಬು ಎಲ್ಲಿದೆ ಅಂತ ಹುಡುಕ್ತೀವಿ. ಇದೂ ಅದೇ ಅಲ್ವಾ ಅಕ್ಕ?"

"ಅದೇ. ಎಲ್ಲರೂ ಡಿಸ್ಕ್ ಸೊಟ್ಟಗಾಗಿದೆ ಅಂತಾರೆ. ಸೊಟ್ಟಗಾಗೋದು ಅಪರೂಪ ಕಣೇ. ಬ್ರೇಕ್ ಪ್ಯಾಡಿನ ಪದಾರ್ಥ ಒಂದು ಕಡೆ ಅಂಟಿ ಗಟ್ಟಿಯಾಗಿರುತ್ತೆ, ಇಲ್ಲಾ ಡಿಸ್ಕ್ ಓರೆಯಾಗಿ ಕೂತು ಒಂದೇ ಕಡೆ ಸವೆದಿರುತ್ತೆ." ಗೇಜಕ್ಕ ಮಗಳ ಕಡೆ ತಿರುಗಿದಳು. "ಪ್ಯಾಡ್ ಡಿಸ್ಕನ್ನ ಹಿಡಿಯೋದು ಬ್ರೇಕ್ ತುಳಿದಾಗ ಮಾತ್ರ ಪುಟ್ಟಿ. ಪ್ರತಿ ಸುತ್ತಿಗೂ ಆ ಉಬ್ಬು ಒಂದು ಏಟು ಕೊಡುತ್ತೆ. ಅದಕ್ಕೇ ಆ ಹೊತ್ತಲ್ಲಿ ಮಾತ್ರ ನಡುಕ."

ಮಗಳು ತಲೆಯಾಡಿಸಿದಳು. ಅತ್ತೆ ಆಡಿಸಲಿಲ್ಲ. "ಆ ಕಲೆ ಹೇಗೆ ಬಂತು ಹಾಗಾದ್ರೆ?" ಎಂದು ಕೇಳಿದರು.

ಗೇಜಕ್ಕ ಗೇಜನ್ನು ಕೆಳಗಿಟ್ಟಳು. ಕೈ ಒರೆಸಿಕೊಂಡಳು.

"ಅವನು ಕೊನೇ ಸಲ ಟ್ರ್ಯಾಕಿಗೆ ಬಂದ ದಿನ ನಾನಿದ್ದೆ. ಜೋರಾಗಿ ಓಡಿಸಿ ಕಾರು ಒಳಗೆ ತಂದ. ಡಿಸ್ಕ್ ಕೆಂಪಗೆ ಕಾದಿತ್ತು. ಹಾಗೆ ಕಾದಿರುವಾಗ ಒಂದು ಸುತ್ತು ನಿಧಾನವಾಗಿ ಓಡಿಸಿ ಆರಿಸ್ಬೇಕು, ನಿಲ್ಲಿಸಿದ ಮೇಲೆ ಬ್ರೇಕ್ ಒತ್ತಿ ಹಿಡೀಬಾರ್ದು. ಹಿಡಿದ್ರೆ ಪ್ಯಾಡು ಅಚ್ಚೊತ್ತಿಬಿಡುತ್ತೆ. ಅವನಿಗೂ ಗೊತ್ತಿತ್ತು. ಆದ್ರೆ ಅವತ್ತು ಕೈ ತುಂಬ ನಡುಗ್ತಿತ್ತು. ನಾವು ಯಾರೂ ನೋಡಬಾರ್ದು ಅಂತ ಸ್ಟಿಯರಿಂಗ್ ಹಿಡ್ಕೊಂಡು, ಬ್ರೇಕ್ ಮೇಲೆ ಕಾಲಿಟ್ಟು, ಹತ್ತು ನಿಮಿಷ ಹಾಗೇ ಕೂತಿದ್ದ. ಕಾಲು ತೆಗಿಯೋ ಅಂತ ನಾನು ಹೇಳ್ಬೇಕಿತ್ತು. ಅವನ ಮುಖ ನೋಡಿ ಹೇಳೋಕಾಗ್ಲಿಲ್ಲ. ಕಾರು ಮನೆಗೆ ತಂದಿದ್ದು ನಾನೇ. ದಾರೀಲೇ ಸಣ್ಣಗೆ ನಡುಗಿತ್ತು. ಇನ್ನು ಯಾರು ಓಡಿಸ್ತಾರೆ ಅಂತ ಸುಮ್ಮನಾದೆ. ತಪ್ಪು ನಂದೂ ಇದೆ."

ಅತ್ತೆ ಬಗ್ಗಿ ಆ ಕಲೆಯ ಮೇಲೆ ಅಂಗೈ ಇಟ್ಟರು. ಕಲೆ ಪೂರ್ತಿ ಮುಚ್ಚಿತು. ಕಬ್ಬಿಣ ತಣ್ಣಗಿತ್ತು.

"ಅವತ್ತು ನೋವಿತ್ತು ಅವನಿಗೆ" ಎಂದರು. "ಈಗಿಲ್ಲ." ಕೈ ತೆಗೆದು ಸೆರಗಿಗೆ ಒರೆಸಿಕೊಂಡು ಹೇಳಿದರು: "ಬಿಚ್ಚು."

ಡಿಸ್ಕ್ ತೆಗೆದಾಗ ಅದರ ಹಿಂದೆ, ಅದು ಕೂರುವ ಜಾಗದಲ್ಲಿ ತುಕ್ಕು ಹಕ್ಕಳೆ ಕಟ್ಟಿತ್ತು. ಒಂದೂವರೆ ವರ್ಷ ಕದಲದೆ ನಿಂತದ್ದರ ಫಲ. ತಟ್ಟೆಯ ಕೆಳಗೆ ಮರಳಿದ್ದರೆ ತಟ್ಟೆ ನೆಟ್ಟಗೆ ಕೂರುವುದಿಲ್ಲವಲ್ಲ, ಹಾಗೆ. ಗೇಜಕ್ಕ ಅದನ್ನು ಹೊಳೆಯುವ ತನಕ ಉಜ್ಜಿದಳು. ಪ್ಯಾಡನ್ನು ಹಿಡಿಯುವ ಪಿನ್ನು ಅಂಟಿಕೊಂಡಿತ್ತು, ಅದನ್ನೂ ಬಿಡಿಸಿ ಗ್ರೀಸ್ ಹಚ್ಚಿದಳು. ಹಳೆಯ ಡಿಸ್ಕನ್ನು ಕೆತ್ತಿಸಿ ಮತ್ತೆ ಹಾಕೋಣವೇ ಎಂದರೆ, ಇಷ್ಟಕ್ಕಿಂತ ತೆಳುವಾಗಬಾರದು ಎಂದು ಅದರ ಅಂಚಿನಲ್ಲೇ ಬರೆದಿದ್ದ ಅಳತೆಯನ್ನು ಅದು ಆಗಲೇ ಮುಟ್ಟಿತ್ತು. ಹೊಸ ಡಿಸ್ಕ್, ಹೊಸ ಪ್ಯಾಡು ಬಂದವು. ಎರಡೂ ಬದಿಗೆ.

"ಮುಗೀತಾ?" ಎಂದರು ಅತ್ತೆ.

"ಇನ್ನೂ ಇಲ್ಲ. ಹೊಸ ಪ್ಯಾಡು ಡಿಸ್ಕಿಗೆ ಒಗ್ಗಬೇಕು. ಖಾಲಿ ರಸ್ತೇಲಿ ಹತ್ತು ಹನ್ನೆರಡು ಸಲ ವೇಗ ಇಳಿಸ್ಬೇಕು, ಪೂರ್ತಿ ನಿಲ್ಲಿಸ್ಬಾರ್ದು. ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ಆರಿಸ್ಬೇಕು. ನೀರು ಹೊಯ್ದು ಆರಿಸೋ ಬುದ್ಧಿವಂತರೂ ಇದಾರೆ, ನೀವು ಹಾಗೆ ಮಾಡ್ಬೇಡಿ."

ಅದೆಲ್ಲ ಮುಗಿಸಿ ಒಂದು ಬೆಳಿಗ್ಗೆ ಮೂವರೂ ಗುಡ್ಡ ಇಳಿದರು. ಟ್ಯಾಂಕಿನ ತಿರುವು ಬಂತು. ಸೊಸೆ ಬ್ರೇಕ್ ತುಳಿದಳು.

ಏನೂ ಆಗಲಿಲ್ಲ. ಕಾರು ಸದ್ದಿಲ್ಲದೆ ನಿಧಾನವಾಯಿತು. ಆ ಸುಮ್ಮನಿರುವಿಕೆ ನಡುಕಕ್ಕಿಂತ ಹೆಚ್ಚು ಹೆದರಿಸಿತು. ಯಾರೋ ಮಾತಾಡುತ್ತಿದ್ದವರು ಕೋಣೆಯಿಂದ ಎದ್ದು ಹೋದ ಹಾಗಿತ್ತು.

"ಇನ್ನೊಂದ್ಸಲ ತುಳಿ" ಎಂದರು ಅತ್ತೆ.

ಅವಳು ಸ್ವಲ್ಪ ಮುಂದೆ ಹೋಗಿ ತುಳಿದಳು. ಇಲ್ಲ.

ಅತ್ತೆ ಅತ್ತರು. ಮಗ ಸತ್ತ ದಿನ ಅಳದವರು, ಅವತ್ತು ಊರು ಮುಟ್ಟುವ ತನಕ ಅತ್ತರು. ಸೊಸೆಯೂ ಅತ್ತಳು, ಆದರೆ ಕಣ್ಣು ರಸ್ತೆಯ ಮೇಲಿತ್ತು, ಕಾಲು ಇರಬೇಕಾದ ಕಡೆ ಇತ್ತು. ಊರು ಮುಟ್ಟಿದ ಮೇಲೆ ಅತ್ತೆ ಮುಖ ತೊಳೆದುಕೊಂಡು ನೇರವಾಗಿ ಟೈರ್ ಅಂಗಡಿಗೆ ಹೋದರು. ಅಲ್ಲಿ ಗನ್ ಹಿಡಿದು ನಿಂತಿದ್ದವನಿಗೆ ನಟ್ಟು ಬಿಗಿಯುವುದು ಹೇಗೆಂದು ಪಾಠ ಹೇಳಿ, ಅವನು ಕೈಯಿಂದ ಬಿಗಿಯುವುದನ್ನು ಕಣ್ಣಾರೆ ನೋಡಿಯೇ ಎದ್ದರು.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಕಾರು ರೇಸಿನದಿರಲಿ, ಸಂತೆಗೆ ಹೋಗುವುದಿರಲಿ, ಬ್ರೇಕ್ ತುಳಿದಾಗ ಸ್ಟಿಯರಿಂಗೋ ಪೆಡಲೋ ನಡುಗಿದರೆ ಅದಕ್ಕೆ ಕಾರಣವಿದೆ, ಆ ಕಾರಣವನ್ನು ಅಳೆದು ಹಿಡಿಯಬಹುದು. ಬರೀ ಡಿಸ್ಕ್ ಬದಲಾಯಿಸಿ ಕಳಿಸುವವರನ್ನು ತಡೆದು, ಅದು ಕೂರುವ ಜಾಗದ ತುಕ್ಕು ತೆಗೆದಿರಾ, ಗೇಜು ಇಟ್ಟು ನೋಡಿದಿರಾ ಎಂದು ಕೇಳಿ. ಜೋರಾಗಿ ಓಡಿಸಿ ಬಂದಾಗ ಬ್ರೇಕು ಆರುವ ತನಕ ನಿಧಾನವಾಗಿ ಓಡಿಸಿ, ಕಾದ ಬ್ರೇಕನ್ನು ನಿಂತಲ್ಲಿ ಒತ್ತಿ ಹಿಡಿಯಬೇಡಿ. ಮತ್ತು ರಿಪೇರಿಯಾಗುವ ಮೊದಲೇ ದಾರಿಯಲ್ಲಿ ಅಡ್ಡ ಏನಾದರೂ ಬಂದರೆ, ಎಷ್ಟೇ ನಡುಗಿದರೂ ಗಾಡಿ ನಿಲ್ಲುವ ತನಕ ಕಾಲು ಸಡಿಲಿಸಬೇಡಿ. ಎದುರಿಗೆ ಯಾರು ನಿಂತಿದ್ದಾರೋ, ಪ್ರತಿ ಸಲ ಕಾಣುವುದಿಲ್ಲ.