ಸಿಡಿಯದ ತೋಟೆ

"ರೈಫಲ್ಲಿಗೆ ಒಂದು ಲಕ್ಷ, ಮೇಲಿನ ದುರ್ಬೀನಿಗೆ ಮೂವತ್ತು ಸಾವಿರ, ಲೈಸೆನ್ಸಿಗೆ ಓಡಾಡುವ ಖರ್ಚು ಬೇರೆ," ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಟ್ರೆವರ್ ಫೋನಿನಲ್ಲಿ ಬರೆಯುತ್ತಿದ್ದ. ಶುಕ್ರವಾರದ ರಜೆ. ಕುವೈಟಿನ ಎಗೈಲಾದ ಫ್ಲಾಟಿನಲ್ಲಿ ಊಟದ ತಟ್ಟೆಗಳು ಇನ್ನೂ ಮೇಜಿನ ಮೇಲೇ ಇದ್ದವು. ಶುಐಬಾದ ಒಂದು ಕಂಪೆನಿಯಲ್ಲಿ ಅವನು ಲೆಕ್ಕ ಬರೆಯುವವನು. ಆದರೆ ಫೇಸ್‌ಬುಕ್ಕಿನ ‘ಬೆಳೆ ಕಾಯುವ ಕೋವಿ’ ಗುಂಪಿನಲ್ಲಿ ಊರಿನ ರೈತರಿಗೆಲ್ಲ ಅವನು ಟ್ರೆವರಣ್ಣ. ಹುಟ್ಟಿದ ಮೇಲೆ ಅವನು ಗುರಿಯಿಟ್ಟದ್ದು ಇಗರ್ಜಿ ಹಬ್ಬದ ಬಲೂನಿಗೆ ಮಾತ್ರ. ಅದೂ ತಾಗಿರಲಿಲ್ಲ.

ತಟ್ಟೆ ಎತ್ತಲು ಬಂದ ಹೆಂಡತಿ ಆಲಿವ್ ಅವನ ಹೆಗಲ ಮೇಲಿಂದ ಇಣುಕಿದಳು. ‘ಮೊದಲ ಸಲ ಹೊಡೆದಾಗ ನನ್ನ ಭುಜ ವಾರವಿಡೀ ನೀಲಿಗಟ್ಟಿತ್ತು. ಅಪ್ಪ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿದರು’ ಎಂದು ಬರೆದಿದ್ದ.

ಆ ಭುಜ ಅವಳದು. ಆ ಅಪ್ಪ ಅವಳ ಅಪ್ಪ.

"ಇದು ಯಾರ ಭುಜ, ಟ್ರೆವರ್?"

"ಗಂಡ ಹೆಂಡತಿಯೊಳಗೆ ನಂದು ನಿಂದು ಅಂತ ಉಂಟಾ ಮಾರಾಯ್ತಿ?" ಅವನು ನಕ್ಕ. "ಹೆಂಗಸಿನ ಭುಜದ ಕಥೆ ಹಾಕಿದ್ರೆ ಯಾರು ನಂಬ್ತಾರೆ?"

ಆಲಿವ್‌ಳ ಮೈ ಉರಿಯಿತು. ಗದ್ದೆಗೆ ಬೀಳುವ ಹಂದಿಗಳನ್ನು ಅವಳು ಅಪ್ಪನ ಜೊತೆ ಕಾದದ್ದು, ಕೋವಿಯ ನಳಿಗೆ ಒರೆಸಿದ್ದು, ಎಲ್ಲವನ್ನೂ ಊಟದ ಹೊತ್ತಿಗೆ ಅವನು ಕೆದಕಿ ಕೆದಕಿ ಕೇಳುತ್ತಿದ್ದ. ಸತ್ತ ಮಾವನ ಮೇಲೆ ಇವನಿಗೆ ಎಷ್ಟು ಪ್ರೀತಿ ಎಂದುಕೊಂಡಿದ್ದಳು.

ಅಷ್ಟರಲ್ಲಿ ಸುಳ್ಯದ ಕಡೆಯ ರಾಜಗೋಪಾಲ ಎಂಬವನ ಪ್ರಶ್ನೆ ಬಂತು. ಕೋವಿಯ ತೋಟೆಗಳು ಹಳೆಯವು, ನಿನ್ನೆ ಒಂದು ಸಿಡಿಯಲೇ ಇಲ್ಲ. ಇವತ್ತು ಕತ್ತಲಾಗುತ್ತಲೇ ಮತ್ತೆ ಗದ್ದೆ ಕಾಯಲು ಹೋಗಬೇಕು. ಹಾಗೇ ಆದರೆ ಏನು ಮಾಡುವುದು? ಕೆಳಗೆ ಫೋನ್ ನಂಬರನ್ನೂ ಹಾಕಿದ್ದ. ‘ತಕ್ಷಣ ಕೋವಿಯ ಹಿಂದಿನ ಬೋಲ್ಟ್ ಎಳೆದು ತೋಟೆ ತೆಗೆಯಿರಿ, ಬೇರೆ ಹಾಕಿ’ ಎಂದು ಟ್ರೆವರ್ ಬರೆದ.

"ಅಯ್ಯೋ, ಅಳಿಸು ಅದನ್ನ! ಕೆಲವು ತೋಟೆ ತಡವಾಗಿ ಸಿಡೀತದೆ. ಬೋಲ್ಟ್ ತೆಗೆದಾಗ ಸಿಡಿದ್ರೆ ಕೈಯೇ ಹೋಗ್ತದೆ. ನಾನೇ ತೆಗೀಲಿಕ್ಕೆ ಹೋಗಿದ್ದೆ, ಅಪ್ಪ ಕೈ ಗಟ್ಟಿ ಹಿಡ್ಕೊಂಡ್ರು. ಕೋವಿಯ ಮೂತಿ ದರೆಯ ಮಣ್ಣಿಗೆ ಮಾಡಿ ತೇರ್ಸದ ಜಪಮಾಲೆಯ ಹತ್ತು ಮಣಿ ಮುಗಿಯುವ ತನಕ ಕಾಯ್ಬೇಕು ಅಂದ್ರು. ನಾಲ್ಕನೇ ಮಣಿಗೆ ಸಿಡೀತು, ಟ್ರೆವರ್!"

"ಅದು ಅಜ್ಜನ ಕಾಲದ ಕೋವಿ. ನಾನು ನೋಡಿದ ವಿಡಿಯೋದಲ್ಲಿ ಒಬ್ಬ ಅಮೆರಿಕದವ ಕೂಡ್ಲೇ ತೆಗೀತಾನೆ. ಈಗ ಅಳಿಸಿದ್ರೆ ನನ್ನ ಮರ್ಯಾದೆ ಎಂತಾಗ್ಬೇಕು?"

ಅವಳು ಆ ಎಚ್ಚರಿಕೆಯನ್ನು ತನ್ನ ಹೆಸರಿನಲ್ಲೇ ಗುಂಪಿನಲ್ಲಿ ಬರೆದಳು. ‘ಅಕ್ಕಾ, ಮೀನಿನ ಮಸಾಲೆಗೆ ಬೇರೆ ಗುಂಪು ಉಂಟು’ ಎಂದು ಒಬ್ಬ ಉತ್ತರಿಸಿದ. ಅದನ್ನು ಮೆಚ್ಚಿದವರಲ್ಲಿ ಟ್ರೆವರನೂ ಇದ್ದ.

ಅವಳು ತನ್ನ ಫೋನ್ ಎತ್ತಿಕೊಂಡಳು. ಬಾಲ್ಕನಿಗೆ ಹೋಗಿ ರಾಜಗೋಪಾಲನ ನಂಬರಿಗೆ ಫೋನ್ ಮಾಡಿದಳು. ಅಲ್ಲಿ ಆಗಲೇ ಸಂಜೆಯಾಗಿತ್ತು.

"ನಾನು ಕುವೈಟಿಂದ. ಟ್ರೆವರನ ಹೆಂಡತಿ."

"ಓ, ಟ್ರೆವರಣ್ಣನ ಮನೆಯವ್ರಾ! ಹೇಳಿ ಅಕ್ಕ, ಹೇಳಿ."

ಇನ್ಯಾವ ಹೆಸರಿಗೂ ಅವನು ಕಿವಿ ಕೊಡುತ್ತಿರಲಿಲ್ಲ. ಅದು ಅವಳಿಗೆ ಗೊತ್ತಾಯಿತು. "ಸಿಡೀಲಿಲ್ಲ ಅಂದ್ರೆ ಬೋಲ್ಟ್ ಮುಟ್ಬೇಡಿ. ಮೂತಿ ಮಣ್ಣಿನ ಕಡೆ ಇರ್ಲಿ. ನೂರು ಸಲ ನಿಮ್ಮ ದೇವರ ಹೆಸರು ಹೇಳಿ, ನಿಧಾನಕ್ಕೆ. ಆಮೇಲೆ ತೆಗೀರಿ."

"ಅಣ್ಣ ಕೂಡ್ಲೇ ತೆಗೀಲಿಕ್ಕೆ ಬರ್ದಿದ್ದಾರಲ್ಲ?"

"ಅದು ತಪ್ಪು," ಎಂದಳು. "ಅವ್ನಿಗೆ ಗೊತ್ತಿಲ್ಲ. ಕೋವಿ ಹಿಡಿದದ್ದು ನಾನು."

"ಆಯ್ತು ಅಕ್ಕ," ಎಂದ ಅವನು, ನಂಬಿದನೋ ಇಲ್ಲವೋ.

ಮರುದಿನ ಗುಂಪಿನಲ್ಲಿ ರಾಜಗೋಪಾಲ ಬರೆದಿದ್ದ: ‘ಕೃಷ್ಣ ಕೃಷ್ಣ ಅನ್ನುತ್ತಾ ಇರುವಾಗಲೇ ತೋಟೆ ಸಿಡಿದು ಗದ್ದೆಯ ಬದು ಕಿತ್ತುಹೋಯಿತು. ಟ್ರೆವರಣ್ಣ ಮನೆಯವರ ಕೈಯಲ್ಲಿ ಫೋನ್ ಮಾಡಿಸಿ ನನ್ನ ಕೈ ಉಳಿಸಿದರು.’ ಕೆಳಗೆ ಇನ್ನೂರು ಜನ ಟ್ರೆವರನಿಗೆ ಕೈಮುಗಿದಿದ್ದರು. ಹಿಂದಿನ ದಿನದ ತನ್ನ ಉತ್ತರವನ್ನು ಅವನು ಸದ್ದಿಲ್ಲದೆ ಅಳಿಸಿದ್ದ.

ಊಟದ ಹೊತ್ತಿಗೆ ಅವನು ಅನ್ನ ಕಲಸುತ್ತ ಕೇಳಿದ. "ಮಳೆಗಾಲದಲ್ಲಿ ಅಪ್ಪ ತೋಟೆಗಳನ್ನ ಎಲ್ಲಿ ಇಡ್ತಿದ್ರು?"

ಅಟ್ಟದಲ್ಲಿ, ಒಲೆಯಿಂದ ದೂರ, ಭತ್ತದ ಹೊಟ್ಟು ತುಂಬಿದ ಡಬ್ಬದಲ್ಲಿ. ಡಬ್ಬದ ಮುಚ್ಚಳದ ಬಣ್ಣವೂ ಅವಳ ಕಣ್ಣಮುಂದೆ ಬಂತು.

"ನೆನಪಿಲ್ಲ," ಎಂದು ಅವಳು ಅವನ ತಟ್ಟೆಗೆ ಸಾರು ಬಡಿಸಿದಳು.

ಸುಳ್ಯದ ಕಡೆ ಒಬ್ಬನ ಬಲಗೈ ಉಳಿಯಿತು. ಎಗೈಲಾದ ಆ ಮೇಜಿನಲ್ಲಿ ಅಪ್ಪನ ಮಾತು ಮತ್ತೆ ಬರಲಿಲ್ಲ.