ಗಾಜಿನ ಬುಡದ ಎರಡು ತೂತು

"ಇನ್ನೂ ಸ್ವಲ್ಪ ಎಡಕ್ಕೆ... ಹಾಂ, ಈಗ ತಳ್ಳಿ!"

ಕಾವಲುಗಾರ ಕೊನೆಯ ತುದಿಗೆ ಕೈಹಚ್ಚಿ ತಳ್ಳಿದ. ಶವದ ಪೆಟ್ಟಿಗೆ ವ್ಯಾನಿನೊಳಗೆ ಜಾರಿತು. ಅದರಲ್ಲಿ ಮಲಗಿದ್ದವನು ಅವನ ಹಳೆಯ ಗೆಳೆಯ ಹನಿ ಡಾಕ್ಟರ್. ಹಳೆಯ ಗಾಡಿಗಳೊಳಗೆ ಮಳೆನೀರು ಎಲ್ಲಿಂದ ನುಗ್ಗುತ್ತದೆಂದು ಪತ್ತೆಹಚ್ಚಿ ಮುಚ್ಚುವುದು ಅವನ ಕಸುಬು. ಬೀದಿಯವರೇ ಇಟ್ಟ ಹೆಸರು ಅದು.

"ಮಳೆ ನೋಡು, ಬಿಡೋ ಹಾಗಿಲ್ಲ," ಎಂದ ಪಕ್ಕದ ಅಂಗಡಿಯ ವೆಲ್ಡರ್. "ಇಷ್ಟು ವರ್ಷ ಅನ್ನ ಹಾಕಿದ್ದು ಅದೇ ಅಲ್ವಾ, ಕಳಿಸ್ಕೊಡೋಕೆ ಬಂದಿದೆ."

ಡಾಕ್ಟರನ ಹೆಂಡತಿ ಕಾವಲುಗಾರನ ಹತ್ತಿರ ಬಂದಳು. "ಮೊದಲ ಹೆಗಲು ನಿಮ್ಮದೇ ಆಗ್ಬೇಕಂತೆ. ಆಸ್ಪತ್ರೇಲೂ ಅದನ್ನೇ ಹೇಳ್ತಿದ್ರು."

"ಅದನ್ನ ಹೇಳ್ಬೇಕಾ ಅತ್ತಿಗೆ? ಅವನಿಗಲ್ಲದೆ ಇನ್ಯಾರಿಗೆ ಕೊಡ್ಲಿ?"

ಆಕೆ ನೆಂಟರ ಕಾರಿನಲ್ಲಿ ಕೂತಳು. ಕಾವಲುಗಾರ ವ್ಯಾನಿನ ಮುಂದಿನ ಸೀಟು ಹತ್ತಿದ. ಸ್ಟೀರಿಂಗ್ ಹಿಡಿದಿದ್ದವನು ಡಾಕ್ಟರನ ಅಳಿಯ. ಒಂದು ಕಾಲಕ್ಕೆ ಈ ವ್ಯಾನು ಕಾವಲುಗಾರನದೇ ಆಗಿತ್ತು. ಅವನು ಅಭ್ಯಾಸಬಲದಿಂದ ಬಗ್ಗಿ ಕಾಲಡಿಯ ಚಾಪೆ ಮುಟ್ಟಿ ನೋಡಿದ. ಹಪ್ಪಳದಂತೆ ಒಣಗಿತ್ತು.

"ನನ್ನ ಕೈಲಿದ್ದಾಗ ಇಲ್ಲಿ ಮೀನು ಸಾಕಬಹುದಿತ್ತು," ಎಂದ.

* * *

ಕಾವಲುಗಾರನ ಕೈಲಿದ್ದ ಕೊನೆಯ ಮಳೆಗಾಲದಲ್ಲಿ ವ್ಯಾನು ಹತ್ತಿದವರ ಪಾದಗಳೆಲ್ಲ ನೆನೆಯುತ್ತಿದ್ದವು. ಹನಿ ಡಾಕ್ಟರ್ ಮುಂದಿನ ಗಾಜಿನ ರಬ್ಬರಿಗೆ ಒಳಗಿನಿಂದ ಸೀಮೆಸುಣ್ಣದ ಪುಡಿ ಬಳಿದು, ಹೊರಗೆ ನಿಂತು ಪೈಪಿನಲ್ಲಿ ನೀರು ಬಿಡುತ್ತಿದ್ದ. ರಬ್ಬರಿನ ಸಂದಿನಿಂದ ನೀರು ಬಂದರೆ ಪುಡಿಯ ಮೇಲೆ ಗೆರೆ ಮೂಡಬೇಕು. ಒಳಗೆ ಟಾರ್ಚ್ ಹಿಡಿದು ಕೂರುವುದು ಗಾಡಿಯ ಒಡೆಯನಾದ ಇವನ ಕೆಲಸ.

"ಗೆರೆ ಕಾಣ್ತಿಲ್ಲ ಕಣೋ."

"ಸರಿಯಾಗಿ ನೋಡೋ."

"ಪುಡಿ ಒಣಗೇ ಇದೆ. ಆದ್ರೂ ಕಾಲಡಿ ನೀರು ತುಂಬ್ತಿದೆ!"

ಡಾಕ್ಟರ್ ಬಾಗಿಲಿನಿಂದ ತಲೆ ತೂರಿಸಿ ಮೂಲೆಯೊಂದಕ್ಕೆ ಬೆರಳಿಟ್ಟ. ಬೆರಳು ತೆಗೆದಲ್ಲಿ ಗೆರೆಯಿತ್ತು. "ಇದೇನು ಮತ್ತೆ, ನನ್ನ ತಲೆನಾ? ನಿನ್ನ ಕಣ್ಣಿಗೆ ಪೊರೆ ಬಂದಿರ್ಬೇಕು."

ರಬ್ಬರಿಗೆ ಮತ್ತೆ ಮತ್ತೆ ಅಂಟು ಬಿತ್ತು. ಚಾಪೆ ಮತ್ತೆ ಮತ್ತೆ ನೆನೆಯಿತು. ಪ್ರತಿ ಸಲವೂ ಇವನಿಗೆ ಕಾಣದ ಗೆರೆ ಡಾಕ್ಟರನ ಬೆರಳಿಗೆ ಸಿಗುತ್ತಿತ್ತು. ಕಣ್ಣು ತೋರಿಸಿಕೊಂಡು ಬಾ ಎಂದು ಇವನ ಹೆಂಡತಿ ಗೋಗರೆದಳು. "ನಮ್ಮ ಡಾಕ್ಟರೇ ಹೇಳಿದ ಮೇಲೆ ಇನ್ಯಾವ ಡಾಕ್ಟರು?" ಎಂದು ಇವನು ನಗೆಯಾಡಿದ. ಎದೆಯೊಳಗೆ ಮಾತ್ರ ಅಳುಕು ಕೂತಿತ್ತು: ಮೊಳದ ದೂರದ ಗೆರೆ ಕಾಣದವನಿಗೆ ರಸ್ತೆ ದಾಟುವ ಮನುಷ್ಯ ಕಂಡಾನೇ?

"ಯಾರಿಗಾದ್ರೂ ಗುದ್ದೋಕೆ ಮುಂಚೆ ಗಾಡಿ ಓಡ್ಸೋದು ಬಿಟ್ಬಿಡು," ಎಂದ ಡಾಕ್ಟರ್. "ಸೋರೋ ಗಾಡಿನ ಯಾರು ತಗೋತಾರೆ? ನಮ್ಮ ಅಳಿಯ ಖಾಲಿ ಕೂತಿದಾನೆ, ಹೇಗೋ ಓಡಿಸ್ಕೋತಾನೆ."

ಇವನು ಬೀಗದಕೈ ಕೊಟ್ಟು ಅವನ ಕೈ ಹಿಡಿದುಕೊಂಡು ಅತ್ತಿದ್ದ. ಆಮೇಲೆ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿಗೆ ಕೂತ. ಮತ್ತೆಂದೂ ಸ್ಟೀರಿಂಗ್ ಮುಟ್ಟಲಿಲ್ಲ.

* * *

"ಈಗ ಒಂದು ಹನೀನೂ ಸೋರಲ್ವಲ್ಲ. ನಿಮ್ಮ ಮಾವ ಏನು ಮಾಡ್ದ?" ಎಂದು ಕೇಳಿದ ಕಾವಲುಗಾರ.

"ಮಾವನ ಕೈಚಳಕ, ಚಿಕ್ಕಮಾವ!" ಅಳಿಯನ ಮುಖ ಅರಳಿತು. "ಗಾಜಿನ ಬುಡದಲ್ಲಿ ತಗಡಿನ ತೊಟ್ಟಿ ಇದೆಯಲ್ಲ, ಮಳೆನೀರು ಬೀಳೋದು ಅದಕ್ಕೆ. ಹೊರಗೆ ಹೋಗೋಕೆ ಎರಡು ಮೂಲೇಲಿ ಎರಡು ತೂತು. ಎರಡೂ ಕಟ್ಟಿತ್ತು. ತೊಟ್ಟಿ ತುಂಬಿ, ಗಾಳಿ ಬರೋ ಕಿಂಡಿಯಿಂದ ನೀರು ಒಳಗೆ ಸುರೀತಿತ್ತು. ವ್ಯಾನು ನಮ್ಮ ಮನೆಗೆ ಬಂದ ದಿನಾನೇ ಮಾವ ಸೀದಾ ಕೈ ಹಾಕಿ ಎಳೆದುಬಿಟ್ರು. ಹುಡುಕಲೂ ಇಲ್ಲ!"

"ಎಲೆ ಕಟ್ಟಿತ್ತಾ?"

"ಎಲೆ ಎಲ್ಲಿ? ಬಟ್ಟೆ. ಮೇಣದಲ್ಲಿ ಅದ್ದಿ ಬತ್ತಿ ಹೊಸೆದಿದ್ರು, ಥೇಟ್ ಸಂದು ಮುಚ್ಚೋಕೆ ಮಾವ ಮಾಡೋ ಹಾಗೆ. 'ಯಾವನೋ ತುರುಕಿದಾನೆ ನೋಡು' ಅಂತ ನಕ್ಕರು."

ಬಟ್ಟೆಯನ್ನು ಮೇಣದಲ್ಲಿ ಅದ್ದಿ ತೊಡೆಯ ಮೇಲೆ ಬತ್ತಿ ಹೊಸೆಯುತ್ತಿದ್ದವನು ಆ ಬೀದಿಯಲ್ಲಿ ಒಬ್ಬನೇ. ಡಾಕ್ಟರ್ ಪುಡಿಯ ಮೇಲೆ ಇಟ್ಟ ಆ ಬೆರಳು ಕಾವಲುಗಾರನ ಕಣ್ಣಿಗೆ ಕಟ್ಟಿತು. ಅಷ್ಟು ಹೊತ್ತು ನೀರಿನ ಪೈಪು ಹಿಡಿದಿದ್ದ ಬೆರಳು ಒಣಗಿರುವುದುಂಟೇ?

ಸ್ಮಶಾನದ ಗೇಟಿನ ಬಳಿ ವ್ಯಾನು ನಿಂತಿತು. ಅಳಿಯ ಇಳಿದು ಹಿಂಬಾಗಿಲು ತೆರೆದ. ಪೆಟ್ಟಿಗೆ ಹೊರಗೆ ಜಾರಿದ ಸದ್ದು ಕೇಳಿತು. ಡಾಕ್ಟರನ ಹೆಂಡತಿ ಕಿಟಕಿಯ ಹತ್ತಿರ ಬಂದಳು. "ಬನ್ನಿ, ನಿಮಗೇ ಕಾಯ್ತಿದಾರೆ."

ಅವನು ಕದಲಲಿಲ್ಲ. ನೀರು ಹರಿಯುತ್ತಿದ್ದ ಗಾಜಿನಾಚೆ, ದೂರದ ಗೋಡೆಯ ಮೇಲೆ, ತುಕ್ಕು ಹಿಡಿದ ಫಲಕವೊಂದಿತ್ತು.

"ಕಸ ಇಲ್ಲಿ ಹಾಕಬಾರದು," ಎಂದ.

"ಏನಂದ್ರಿ?"

"ಕೈಕಾಲು ತೊಳೆಯುವ ನಲ್ಲಿ ಎಡಗಡೆ ಇದೆ."

ಆಕೆ ಹಿಂತಿರುಗಿ ಕಣ್ಣು ಕಿರಿದು ಮಾಡಿ ನೋಡಿದಳು. "ನನಗೇನೂ ಕಾಣ್ತಿಲ್ಲ. ಇದೇನು ಮಾತು ಈ ಹೊತ್ತಲ್ಲಿ? ಬನ್ನಿ, ಪಾಪ, ಭಾರ ಹೊತ್ತು ನಿಂತಿದಾರೆ."

ಫಲಕದ ಕೆಳ ಅಂಚಿನಲ್ಲಿ ಅದನ್ನು ಬರೆದವನು ಇರುವೆಗಾತ್ರದಲ್ಲಿ ತನ್ನ ಹೆಸರು ಹಾಕಿಕೊಂಡಿದ್ದ. ಕಾವಲುಗಾರ ಅದನ್ನೂ ಒಂದೊಂದೇ ಅಕ್ಷರವಾಗಿ, ಗಟ್ಟಿಯಾಗಿ ಓದತೊಡಗಿದ. ಹೊರಗೆ ಮಳೆಯಲ್ಲಿ, ಮೂರೇ ಹೆಗಲುಗಳ ಮೇಲೆ, ಪೆಟ್ಟಿಗೆ ಒಂದು ಮೂಲೆಗೆ ವಾಲಿಕೊಂಡಿತ್ತು.