ಎಡತೋಳಿನ ಶಕುನ

ಗಂಗಾಬಾಯಿಯ ಎಡತೋಳು ಅದುರಲು ಶುರುವಾದದ್ದು ಒಂದು ಮಧ್ಯಾಹ್ನ, ಊಟದ ಗದ್ದಲ ಮುಗಿದು ಖಾನಾವಳಿ ಖಾಲಿಯಾದ ಮೇಲೆ. ಭುಜದ ಕೆಳಗೆ ಚರ್ಮದ ಒಳಗೇ ಹುಳು ಹರಿದ ಹಾಗೆ ಸಣ್ಣಗೆ ಅದುರಿತು, ನಿಂತಿತು, ಮತ್ತೆ ಅದುರಿತು. ನೋವಿಲ್ಲ, ಉರಿಯಿಲ್ಲ. ಅವಳು ಕುಪ್ಪಸದ ತೋಳು ಸರಿಸಿ ಖಾನಾವಳಿಯ ಒಡತಿ ಬಸಲಿಂಗಮ್ಮನಿಗೆ ತೋರಿಸಿದಳು.

“ಅಯ್ಯ, ಎಡಗಡೇನ ಅದರಾಕತ್ತೈತಲ್ಲ!” ಬಸಲಿಂಗಮ್ಮನ ಮುಖ ಅರಳಿತು. “ಹೆಣ್ಣಮಕ್ಕಳಿಗೆ ಎಡಗಡೆ ಅದರಿದರ ಭಾಳ ಚಲೋ. ಏನೋ ಶುಭ ಸುದ್ದಿ ಬರತೈತಿ ನೋಡು ನಿನಗ.”

ಶುಭ ಸುದ್ದಿಗೆ ಗಂಗಾಬಾಯಿಯ ಮನೆಯ ದಾರಿ ಮರೆತು ಎಷ್ಟೋ ಕಾಲವಾಗಿತ್ತು. ಗಂಡ ಸಾಬಣ್ಣ ತೀರಿಕೊಂಡ ಮೇಲೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಶಹಾಪುರದ ಕಡೆಯಿಂದ ಬಂದು ಕಾಚಿಗೂಡದಲ್ಲಿ ರೈಲು ಇಳಿದವಳು, ಸ್ಟೇಷನ್ನಿನ ಹಿಂದಿನ ಈ ಒಲೆ ಬಿಟ್ಟು ಬೇರೆ ಹೈದರಾಬಾದನ್ನು ಕಂಡವಳಲ್ಲ. ಜೋಳದ ರೊಟ್ಟಿ ಬಡಿಯುವುದೊಂದೇ ಅವಳ ಆಸ್ತಿ. ಬಲಗೈ ಬಡಿಯಬೇಕು, ಎಡಗೈ ತಿರುಗಿಸಬೇಕು. ನೋಡುವವರಿಗೆ ಬಲಗೈಯದೇ ದರ್ಬಾರು ಅನ್ನಿಸುತ್ತದೆ; ರೊಟ್ಟಿ ದುಂಡಗಾಗುವುದು ಮಾತ್ರ ಸದ್ದಿಲ್ಲದ ಆ ಎಡಗೈಯಿಂದ. ಆ ಎರಡು ಕೈಗಳ ದುಡಿಮೆಯಲ್ಲೇ ಮಗಳು ಭಾಗ್ಯಶ್ರೀ ಡಿಗ್ರಿ ಎರಡನೇ ವರ್ಷಕ್ಕೆ ಬಂದಿದ್ದಳು.

ಸುದ್ದಿ ನಿಜವಾಗಿಯೂ ಬಂತು, ಅದೇ ದುರದೃಷ್ಟ. ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಒಂದರ ಮಗ್ಗುಲಿಗೆ ಒಂದು ಏಳುತ್ತಿದ್ದ ಕಾಲ. ಕಲಬುರ್ಗಿ, ರಾಯಚೂರು ಕಡೆಯ ಹುಡುಗರು ಕಂಪ್ಯೂಟರ್ ಕೆಲಸಕ್ಕೆ ಬಂದು ವಾರವಿಡೀ ಅನ್ನ ತಿಂದು ಬೇಸತ್ತು, ಭಾನುವಾರ ಗಂಗಾಬಾಯಿಯ ರೊಟ್ಟಿಗೆಂದೇ ಕಾಚಿಗೂಡಕ್ಕೆ ಓಡಿ ಬರುತ್ತಿದ್ದರು. ಅವರಲ್ಲೊಬ್ಬ ಚೇತನಕುಮಾರ. ಅವನು ಒಂದು ದಿನ ಕೈ ತೊಳೆಯುತ್ತಲೇ ಹೇಳಿದ: “ಗಂಗಕ್ಕ, ನಮ್ಮ ಆಫೀಸಿನ ಕ್ಯಾಂಟೀನಿನಾಗ ಬಿಸಿರೊಟ್ಟಿ ಕೌಂಟರ್ ತೆಗೀತಾರಂತ. ನಾನು ನಿನ್ನ ಹೆಸರು ಕೊಟ್ಟೀನಿ. ಬಂದು ಒಂದು ಸಲ ಮಾಡಿ ತೋರಸು, ಸಾಕು.”

ಬಸಲಿಂಗಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. “ನಾ ಅಂದಿದ್ದಿಲ್ಲ?”

ಆಮೇಲೆ ಗಂಗಾಬಾಯಿಗೆ ತನ್ನ ತೋಳಿನ ಮೇಲೆ ವಿಪರೀತ ಪ್ರೀತಿ ಬಂದುಬಿಟ್ಟಿತು. ರವಿಕೆಯ ಹುಕ್ಕು ಹಾಕಲು ಬೆರಳು ಒಗ್ಗದಿದ್ದರೂ, ಹೆಬ್ಬೆರಳ ಬುಡದ ದಪ್ಪ ಮಾಂಸ ಕರಗಿ ಅಲ್ಲಿ ಕುಳಿ ಬಿದ್ದಿದ್ದರೂ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ರೊಟ್ಟಿ ಒಂದು ಮಗ್ಗುಲು ದಪ್ಪಗಾಗತೊಡಗಿತು, ಹಂಚಿಗೆ ಹಾಕುವಾಗ ಹರಿಯತೊಡಗಿತು. ಹಿಟ್ಟು ಹಳೇದು ಎಂದು ಅಂಗಡಿಯವನನ್ನು ಬೈದಳು. ತೋಳು ದಿನಾ ಅದುರುತ್ತಿತ್ತಲ್ಲ, ಅಷ್ಟು ಶುಭ ಬರುವಾಗ ಕೆಟ್ಟದ್ದು ಎಲ್ಲಿಂದ ಬರಬೇಕು!

ಮಾದಾಪುರದ ಕ್ಯಾಂಟೀನು ತಣ್ಣಗೆ ಥಳಥಳ ಹೊಳೆಯುತ್ತಿತ್ತು. ಜೊತೆಗೆ ಬಂದ ಭಾಗ್ಯಶ್ರೀ ಅವ್ವನ ಸೆರಗು ಸರಿಮಾಡಿದಳು. ಟೈ ಕಟ್ಟಿದವರು ಸುತ್ತ ನಿಂತರು. ಗಂಗಾಬಾಯಿ ಹಿಟ್ಟು ಮಿದ್ದಿ ಬಡಿಯಲು ಕೂತಳು. ಬಲಗೈ ಎಂದಿನಂತೆ ಬಡಿಯಿತು, ಎಡಗೈ ತಿರುಗಿಸಲಿಲ್ಲ. ಒತ್ತಾಯ ಮಾಡಿ ತಿರುಗಿಸಿ, ಅಂಗೈ ಮೇಲೆ ತೆಗೆದುಕೊಂಡು ಏಳುವಷ್ಟರಲ್ಲಿ ಮಣಿಕಟ್ಟು ಜೋತುಬಿತ್ತು, ರೊಟ್ಟಿ ಫಳಫಳ ಹೊಳೆಯುವ ನೆಲದ ಮೇಲೆ ಬಿತ್ತು. ಇನ್ನೊಂದು ಬಡಿದಳು, ಅದೂ ಬಿತ್ತು. ಯಾರೂ ನಗಲಿಲ್ಲ, ನಕ್ಕಿದ್ದರೇ ಚೆನ್ನಾಗಿತ್ತು.

ಭಾಗ್ಯಶ್ರೀ ಚೂಡಿದಾರದ ತೋಳು ಮಡಚಿ ಅವ್ವನ ಜಾಗದಲ್ಲಿ ಕೂತಳು. ಚಿಕ್ಕಂದಿನಿಂದ ಒಲೆಯ ಪಕ್ಕ ಬೆಳೆದವಳು, ಕೈಗೆ ಯಾರೂ ಕಲಿಸಬೇಕಿರಲಿಲ್ಲ. ಅವಳ ರೊಟ್ಟಿ ಉಬ್ಬಿತು, ಟೈ ಕಟ್ಟಿದವರು ತಲೆದೂಗಿದರು. “ಅವ್ವನ ಕೈ ನೆಟ್ಟಗ ಆಗೋತನಕ ನಾ ಬರತೀನ್ರಿ, ಆಮ್ಯಾಲ ಆಕೀನ ಬರತಾಳ,” ಎಂದಳು ಚೇತನಕುಮಾರನಿಗೆ. ಕಾಲೇಜಿಗೆ ಹೋಗುವುದು ಮರುದಿನದಿಂದಲೇ ನಿಂತಿತು.

ದೊಡ್ಡ ಸರ್ಕಾರಿ ಆಸ್ಪತ್ರೆಗೆ ಗಂಗಾಬಾಯಿ ಒಬ್ಬಳೇ ಅಲೆದಳು. ತೋಳಿಗೆ, ಕಾಲಿಗೆ, ಕಡೆಗೆ ನಾಲಿಗೆಗೂ ಸೂಜಿ ಚುಚ್ಚಿ ಮಷೀನಿನಲ್ಲಿ ಏನೇನೋ ನೋಡಿದರು. ಅವಳ ಪುಣ್ಯವೋ ಕರ್ಮವೋ, ಡಾಕ್ಟರು ನಳಿನಿ ರಾಯಚೂರಿನ ಹುಡುಗಿ. ತೆಲುಗಿನಲ್ಲಿ ಹೇಳಿದ್ದರೆ ಅರ್ಧ ಅರ್ಥವಾಗದೆ ತಪ್ಪಿಸಿಕೊಳ್ಳಬಹುದಿತ್ತು.

“ನೋಡ್ರಿ ಅಮ್ಮಾ,” ಎಂದು ನಳಿನಿ ತನ್ನ ಮುಂಗೈ ಚಾಚಿದಳು. “ನಮ್ಮ ಮೈಯಾಗಿನ ಸ್ನಾಯುಕ್ಕ ದಬ್ಬಾಕ ಬರಂಗಿಲ್ಲ, ಬರೇ ಜಗ್ಗಾಕ ಬರತೈತಿ. ಈ ಕಡಿದು ಜಗ್ಗಿದರ ಬೆರಳು ಮಡಚತಾವ, ಆ ಕಡಿದು ಜಗ್ಗಿದರ ಬಿಚ್ಚತಾವ. ರೊಟ್ಟಿ ತಿರುವೋದು, ನಗೋದು, ಉಸಿರಾಡೋದು, ಎಲ್ಲಾ ಈ ಜಗ್ಗಾಟನ. ಆದರ ಜಗ್ಗು ಅಂತ ನರ ಹೇಳಬೇಕು. ನಿಮ್ಮ ನರ ಒಂದೊಂದಾಗಿ ಸಾಯಾಕತ್ತಾವ.”

“ತೋಳು ಅದರತೈತಲ್ಲರಿ? ಜೀವಂತ ಐತಿ ಅಂತಲ್ಲ ಅದು?”

ನಳಿನಿ ಕಣ್ಣು ತಪ್ಪಿಸಿದಳು. “ಆ ಅದರೋದ ರೋಗರಿ. ತಾಯಿ ಸತ್ತ ಕರು ಒದ್ದಾಡಿದಂಗ, ನರ ಹೋದ ಸ್ನಾಯು ತನ್ನಷ್ಟಕ್ಕ ತಾನ ಅದರತೈತಿ. ಒಂದಿನ ನಿಂತುಬಿಡತೈತಿ. ನಿಂತರ ಗುಣ ಆತು ಅಂದಕೋಬ್ಯಾಡ್ರಿ. ಅದುರಾಕ ಒಳಗ ಏನೂ ಉಳಿದಿಲ್ಲ ಅಂತ ಅದರ ಅರ್ಥ.”

“ಔಷಧ?”

“ನಿಲ್ಲಿಸೋ ಔಷಧ ಇಲ್ಲರಿ. ಎಡಗೈ ಆದ ಮ್ಯಾಲ ಬಲಗೈ. ಆಮ್ಯಾಲ ನುಂಗೋದು, ಮಾತು. ಮನಿಯವರನ್ನ ಕರಕೊಂಡ ಬರ್ರಿ, ನಾ ಹೇಳತೀನಿ.”

ಗಂಗಾಬಾಯಿ ಯಾರನ್ನೂ ಕರೆದುಕೊಂಡು ಹೋಗಲಿಲ್ಲ. ಆಸ್ಪತ್ರೆಯ ಗೇಟಿನ ಹೊರಗೆ ಕಲ್ಲುಕಟ್ಟೆಯ ಮೇಲೆ ಕೂತು, ದಾರಿಹೋಕರು ತಿರುಗಿ ನೋಡುವಷ್ಟು ಅತ್ತಳು. ಮನೆಗೆ ಬಂದಾಗ ಮಗಳು ಕ್ಯಾಂಟೀನಿನಿಂದ ಬಂದು, ಸುಟ್ಟ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. “ಏನಂದ್ರವ್ವಾ?” ಎಂದಳು. ಆ ಮುಖ ನೋಡಿ ಗಂಗಾಬಾಯಿಯ ಬಾಯಿಗೆ ಬಂದದ್ದು ಸುಳ್ಳು. ಅದೂ ಎಂಥ ಸುಳ್ಳು! ಬೇರೆ ಸಾವಿರ ಹೇಳಬಹುದಿತ್ತು.

“ನರ ಸೊರಗ್ಯಾವಂತ. ಅದರೋದು ನಿಂತ ಮ್ಯಾಲ ಕೈ ನೆಟ್ಟಗ ಆಗತೈತಂತ.”

ಅಂದಿನಿಂದ ಭಾಗ್ಯಶ್ರೀಗೆ ಅದೇ ಧ್ಯಾನ. ದಿನಾ ಎಣ್ಣೆ ಕಾಯಿಸಿ ತಿಕ್ಕುವಳು, ತಿಕ್ಕಿ ತೋಳನ್ನೇ ನೋಡುತ್ತ ಕೂರುವಳು. “ಇನ್ನೂ ಅದರಾಕತ್ತೈತಿ,” ಎಂದು ಅವಳು ಮುಖ ಸಣ್ಣ ಮಾಡಿದರೆ ಗಂಗಾಬಾಯಿಗೆ ಒಳಗೊಳಗೇ ಸಮಾಧಾನ. ಅದುರಲಿ, ತಾಯಿ, ಅದುರಲಿ ಎಂದು ಕಾಣದ ದೇವರಿಗೆಲ್ಲ ಕೈ ಮುಗಿಯಲು ಹೋಗುತ್ತಿದ್ದಳು; ಎರಡು ಕೈ ಒಂದಕ್ಕೊಂದು ಮುಟ್ಟುತ್ತಿರಲಿಲ್ಲ. ಡಾಕ್ಟರು ಚಿಕ್ಕ ಹುಡುಗಿ, ತಪ್ಪು ಹೇಳಿರಬಹುದು ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಮಳೆಗಾಲ ಬಂತು, ಕಾಲೇಜುಗಳು ತೆರೆದವು. ಒಂದು ಭಾನುವಾರ ಬೆಳಿಗ್ಗೆ ಭಾಗ್ಯಶ್ರೀ ತೋಳು ತಿಕ್ಕುತ್ತಿದ್ದವಳು ಕೈ ನಿಲ್ಲಿಸಿದಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕಾದು ಕೂತು ಮತ್ತೆ ನೋಡಿದಳು.

“ಅವ್ವಾ! ಅದರೋದು ನಿಂತೈತಿ!”

ಗಂಗಾಬಾಯಿಗೆ ಅದು ಹಿಂದಿನ ರಾತ್ರಿಯೇ ಗೊತ್ತಾಗಿತ್ತು.

“ಗುಣ ಆತವ್ವಾ! ನಾಳೆ ಹೋಗಿ ಕ್ಯಾಂಟೀನಿನವರಿಗೆ ಹೇಳಿಬಿಡತೀನಿ, ಇನ್ನ ಅವ್ವ ಬರತಾಳ ಅಂತ. ಕಾಲೇಜಿನಾಗ ಇನ್ನೂ ಸೇರಿಸಿಕೊಳ್ಳಾಕತ್ತಾರ.” ಅವಳು ಮಂಚದ ಕೆಳಗಿನ ಟ್ರಂಕು ಎಳೆದಳು, ಪುಸ್ತಕ ತೆಗೆದು ಓಢಣಿಯಿಂದ ಧೂಳು ಒರೆಸಿದಳು, ಮತ್ತೆ ಓಡಿ ಬಂದು ಅವ್ವನೆದುರು ಕೂತಳು. “ಎತ್ತು, ಸ್ವಲ್ಪ ಎತ್ತಿ ತೋರಸು.”

ಗಂಗಾಬಾಯಿ ಎತ್ತಿದಳು. ಎತ್ತಿದಳು ಎಂದರೆ, ಎತ್ತು ಎಂದು ಹಲ್ಲು ಕಚ್ಚಿ ಕೈಗೆ ಹೇಳಿದಳು, ಹಣೆ ಬೆವರುವಷ್ಟು ಹೇಳಿದಳು. ಕೈ ತೊಡೆಯ ಮೇಲೆ ಇಟ್ಟಲ್ಲೇ ಇತ್ತು. ಬೆರಳ ತುದಿಯೂ ಮಿಸುಕಲಿಲ್ಲ.

“ಅವಸರ ಇಲ್ಲವ್ವಾ, ಮತ್ತ ಎತ್ತಿ ನೋಡು.”

ಮತ್ತೆ ನೋಡಿದಳು. ಆಗ ಅದುರಿದ್ದು ಗಂಗಾಬಾಯಿಯ ಬಲಭುಜ. ಕುಪ್ಪಸದ ಅಂಚಿನ ಕೆಳಗೆ ಸಣ್ಣಗೆ ಅದುರಿ ನಿಂತು ಮತ್ತೆ ಅದುರಿತು. ಭಾಗ್ಯಶ್ರೀ ಅದನ್ನು ನೋಡಿದಳು. ಮುಖದ ಮೇಲಿನ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

“ಡಾಕ್ಟರು ಖರೇ ಏನಂದಿದ್ರವ್ವಾ?”

“ನಿಂತರ ಒಳಗ ಏನೂ ಉಳಿದಿಲ್ಲ ಅಂತ ಅಂದಿದ್ರು. ನಾನ ನಿನಗ ಸುಳ್ಳ ಹೇಳಿದೆ.”

ಭಾಗ್ಯಶ್ರೀ ಪುಸ್ತಕ ಜೋಡಿಸಿ ಟ್ರಂಕಿಗೆ ಹಾಕಿ, ಕಾಲಿನಿಂದ ಮಂಚದ ಕೆಳಗೆ ದೂಡಿದಳು. ಅವ್ವನ ತೋಳಿನ ಎಣ್ಣೆ ಒರೆಸಿದಳು. ಆಮೇಲೆ ಸ್ಟೋವ್ ಹಚ್ಚಿ ಹಿಟ್ಟಿನ ಡಬ್ಬಿ ತೆಗೆದಳು.

ಬಲಗೈ ಬಡಿಯುತ್ತಿತ್ತು, ಎಡಗೈ ತಿರುಗಿಸುತ್ತಿತ್ತು. ಗಂಗಾಬಾಯಿ ಗೋಡೆಗೆ ಒರಗಿ ಆ ಸದ್ದು ಕೇಳುತ್ತ ಕೂತಳು. ತನ್ನದೇ ಸದ್ದು, ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ರೊಟ್ಟಿ ಉಬ್ಬಿ ಇಳಿದ ಮೇಲೆ ಭಾಗ್ಯಶ್ರೀ ತಾಟು ಹಿಡಿದು ಬಂದು ಎದುರು ಕೂತಳು. ಒಂದು ತುಣುಕು ಮುರಿದು ಪಲ್ಯಕ್ಕೆ ಅದ್ದಿ, ಆರಿಸಿ, “ಬಾಯಿ ತಗಿಯವ್ವಾ,” ಎಂದಳು.